ಕೊಟ್ಟೂರಿನ ತೇರಿನಿಂದ ಕಂಠೀರವದ ಬಯಲಿಗೆ

ತುಂಗಭದ್ರೆಯ ಬಲದಂಡೆಯಿಂದ ಮೊದಲ್ಗೊಂಡು ಚಿತ್ರದುರ್ಗದ ಸೀಮೆಯ ಕಲ್ಲುಗುಡ್ಡಗಳವರೆಗೆ ಹಬ್ಬಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ಮಣ್ಣಿನಲ್ಲಿಯೂ ಮಾತಿನಲ್ಲಿಯೂ ಒಂದೇ ನಾಡು. ನಾಡು ಒಂದಾದರೂ ಅದರ ಆಡಳಿತವು ಹಲವು ಕೈಗಳನ್ನು ಕಂಡಿದೆ. ಮದರಾಸು ಆಧಿಪತ್ಯದಲ್ಲಿದ್ದ ಈ ಪಡುವಣ ಸೀಮೆಯು 1953ನೆಯ ಇಸವಿ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಹಿಂದಿರುಗಿತು. 2021ರಲ್ಲಿ ಐದೂ ತಾಲ್ಲೂಕುಗಳು ಹೊಸದಾದ ವಿಜಯನಗರ ಜಿಲ್ಲೆಯ ಪಾಲಾದುವು. ಇಷ್ಟಾದರೂ ಜೋಳದ ಹೊಲ, ಶೇಂಗಾದ ಬಳ್ಳಿ, ಮುನಿದ ಮಳೆ, ಮುಗಿಲನ್ನು ನೋಡುವ ಒಕ್ಕಲಿಗ, ಇವು ಮಾತ್ರ ಎಲ್ಲ ಕಾಲದಲ್ಲಿಯೂ ಒಂದೇ ತೆರನಾಗಿ ಉಳಿದಿವೆ.

ಯಾತ್ರಿಕನಿಗೆ ಇಲ್ಲಿ ಕಾಣತಕ್ಕುದು ಬೇಕಾದಷ್ಟಿದೆ. ಹಡಗಲಿಯ ಮಲ್ಲಿಗೆಯ ಕಂಪು ನಾಡಿಗೆಲ್ಲ ತಿಳಿದದ್ದು. ಅದೇ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವನ್ನು ಕೇಳಲು ಲಕ್ಷಗಟ್ಟಲೆ ಜನ ಕೂಡುತ್ತಾರೆ. ಹರಪನಹಳ್ಳಿಯ ಸೀಮೆಯಲ್ಲಿ ಬಾಗಳಿಯ ಕಲ್ಲೇಶ್ವರನ ಗುಡಿಯೂ ಉಚ್ಚಂಗಿದುರ್ಗದ ಕೋಟೆಯೂ ಇವೆ. ಕೂಡ್ಲಿಗಿಯಲ್ಲಿ ಮಹಾತ್ಮರ ಚಿತಾಭಸ್ಮವನ್ನಿರಿಸಿದ ಹುತಾತ್ಮರ ಸ್ಮಾರಕವಿದೆ. ಹಗರಿಬೊಮ್ಮನಹಳ್ಳಿಗೆ ಸಮೀಪದ ಅಂಕಸಮುದ್ರದ ಕೆರೆಯಲ್ಲಿ ಜಾಲಿಯ ಮರಗಳ ಮೇಲೆ ನೀರುಹಕ್ಕಿಗಳು ಸಾವಿರಾರು ಗೂಡು ಕಟ್ಟುತ್ತವೆ. ಆ ಕೆರೆಯು 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಜಗತ್ತಿನ ಗಮನಕ್ಕೆ ಬಂದಿತು. ಇವೆಲ್ಲವನ್ನೂ ಬಲ್ಲ ವಾಚಕರಿಗೆ ಈ ಲೇಖನದಲ್ಲಿ ನಾವು ತೋರಿಸಬೇಕೆಂದಿರುವುದು ಬೇರೊಂದು ಯಾತ್ರೆ. ಅದು ಕೊಟ್ಟೂರಿನಲ್ಲಿ ಆರಂಭವಾಗಿ, ಸಂಡೂರಿನ ಕೆಮ್ಮಣ್ಣಿನ ಮಗ್ಗುಲಲ್ಲಿ ಸಾಗಿ, ಬೆಂಗಳೂರಿನ ಒಂದು ಹುಲ್ಲುಬಯಲಿಗೆ ಮುಟ್ಟತಕ್ಕುದು. ಅಲ್ಲಿ ಕಾಣಬೇಕಾದವನು ಸ್ಪೇಯಿನ್ ದೇಶದಿಂದ ಬಂದು ಐದು ವರ್ಷ ಕನ್ನಡನಾಡಿನ ತಂಡವೊಂದರ ಬಾಗಿಲನ್ನು ಕಾಯ್ದ ಕಾಲ್ಚೆಂಡಿನ ಆಟಗಾರನು.

ಕೊಟ್ಟೂರಿನಿಂದಲೇ ಆರಂಭಿಸುವುದಕ್ಕೆ ಕಾರಣವುಂಟು. ಮಾಘಮಾಸದಲ್ಲಿ ಮೂಲಾ ನಕ್ಷತ್ರದ ದಿನ ಗುರು ಕೊಟ್ಟೂರೇಶ್ವರನ ತೇರು ಸಾಗುವುದನ್ನು ಕಂಡವರು, ದಾವಣಗೆರೆಯ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವ ಭಕ್ತರ ಸಾಲನ್ನೂ, ಮುಗಿಲಿಗೆ ಮುಟ್ಟುವಂತೆ ನಿಂತ ರಥವನ್ನೂ, ಮಿಣಿಗೆ ಕೈಯಿಕ್ಕಲು ನೂಕಾಡುವ ಜನರನ್ನೂ ಮರೆಯಲಾರರು. ಎಲ್ಲರ ಕಣ್ಣೂ ಕಳಸದ ಮೇಲೆ, ಇಲ್ಲವೆ ಎಳೆಯುವವರ ಮೇಲೆ. ಆದರೆ ಆ ಗದ್ದಲದ ನಡುವೆ ಗಾಲಿಗಳ ಮಗ್ಗುಲಲ್ಲಿಯೇ ನಡೆಯುವ ಕೆಲವರಿದ್ದಾರೆ. ಅವರ ಕೈಯಲ್ಲಿ ದಪ್ಪನಾದ ಮರದ ತುಂಡುಗಳು. ತೇರು ಇಳಿಜಾರಿನಲ್ಲಿ ಓಡಲು ಮೊದಲಿಟ್ಟರೆ, ಅಥವಾ ಒಂದು ಮಗ್ಗುಲಿಗೆ ತಿರುಗಿದರೆ, ಅವರು ತಕ್ಷಣವೇ ಬಾಗಿ ಗಾಲಿಯ ಕೆಳಗೆ ಸನ್ನೆ ಕೊಟ್ಟು ಅದನ್ನು ನಿಲ್ಲಿಸುತ್ತಾರೆ, ತಿದ್ದುತ್ತಾರೆ. ಅವರ ಕೆಲಸ ಸರಿಯಾಗಿ ನಡೆದ ವರ್ಷ ಯಾರೂ ಅವರ ಮಾತೆತ್ತುವುದಿಲ್ಲ. 2017ರ ಫೆಬ್ರುವರಿಯಲ್ಲಿ ಆ ಮಹಾರಥವು ಉರುಳಿಬಿದ್ದು ಹಲವರಿಗೆ ಗಾಯವಾದಾಗ, ಗಾಲಿ ಅಚ್ಚುಗಳ ಮಾತು ಮೊದಲ ಬಾರಿಗೆ ಮನೆಮನೆಯಲ್ಲಿಯೂ ಕೇಳಿಬಂದಿತು. ಎಳೆಯುವುದು ಎಂಥ ಸೇವೆಯೋ ತಡೆಯುವುದೂ ಅಂಥದೇ ಸೇವೆ. ಆದರೆ ತಡೆಯುವವನ ಹೆಸರು ಅನಾಹುತವಾದ ದಿನವೇ ಹೊರಗೆ ಬರುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಹರಿಹರದಿಂದ ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಮೇಲೆ ಹೊಸಪೇಟೆಗೆ ಹೋಗುವ ರೈಲುಮಾರ್ಗವಿದೆ. ಬಹುಕಾಲ ಜನರ ಗಾಡಿಯಿಲ್ಲದೆ ಬರಿದಾಗಿದ್ದ ಈ ದಾರಿಯಲ್ಲಿ 2019ರಲ್ಲಿ ಪ್ರಯಾಣಿಕರ ರೈಲು ಓಡಲಾರಂಭಿಸಿತು. ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ತಿರುಗಿದರೆ, ಬಲಗಡೆ ಸಂಡೂರಿನ ಬೆಟ್ಟಗಳ ಸಾಲು ಕಾಣುತ್ತದೆ. ಅವುಗಳ ಒಡಲಿನ ಕಬ್ಬಿಣದ ಅದಿರಿನಿಂದ ಆ ನೆಲವೆಲ್ಲ ಕೆಂಪು. ಸ್ವಲ್ಪ ದೂರದಲ್ಲಿಯೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೊಗೆಗೊಳವೆಗಳು. ಈ ಕಾರ್ಖಾನೆಯನ್ನು ನಡೆಸುವ ಜೆ.ಎಸ್.ಡಬ್ಲ್ಯು. ಸಂಸ್ಥೆಯವರೇ 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ಕಾಲ್ಚೆಂಡಿನ ಕ್ಲಬ್ಬನ್ನು ಸ್ಥಾಪಿಸಿದರು. ಬೆಂಗಳೂರಿನ ಬಯಲಿನಲ್ಲಿ ನೀಲಿ ಅಂಗಿ ತೊಟ್ಟು ಆಡುವ ತಂಡಕ್ಕೂ ನಮ್ಮ ಸೀಮೆಯ ನೆರೆಯ ಕೆಮ್ಮಣ್ಣಿಗೂ ಇರುವ ನಂಟು ಇದು.

ನಂಟು ಹಣದ್ದು ಮಾತ್ರವಲ್ಲ. ಕಾರ್ಖಾನೆಯ ವಿಜಯನಗರ ಬಡಾವಣೆಯಲ್ಲಿ 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾಶಾಲೆಯೊಂದಿದೆ. ಮಲ್ಲಯುದ್ಧ, ಮುಷ್ಟಿಯುದ್ಧ, ಜೂಡೋ, ಓಟ, ಈಟಿಯೆಸೆತ ಮುಂತಾದುವನ್ನು ಕಲಿಯಲು ದೇಶದ ನಾನಾ ಭಾಗಗಳಿಂದ ಮಕ್ಕಳು ಅಲ್ಲಿಗೆ ಬರುತ್ತಾರೆ. ಬೆಂಗಳೂರು ಕ್ಲಬ್ಬಿನವರು ಎಳೆಯರಿಗಾಗಿ ನಡೆಸುವ ವಸತಿಶಾಲೆಯೂ ಅಲ್ಲಿಯೇ ನೆಲೆಗೊಂಡಿತು. ದೊಡ್ಡವರ ತಂಡವು ಋತುವಿನ ಆರಂಭಕ್ಕೆ ಮುಂಚೆ ಅಭ್ಯಾಸಕ್ಕಾಗಿ ಈ ಬಿಸಿಲನಾಡಿಗೆ ಬಂದುದೂ ಉಂಟು.

ಇನ್ನು ಬೆಂಗಳೂರಿಗೆ ಬರೋಣ. ಕೂಡ್ಲಿಗಿಯ ಮೇಲೆ ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ ಹೋಗಿ ಅಲ್ಲಿಂದ ಬೆಂಗಳೂರಿಗೆ ರಾತ್ರಿಯ ಬಸ್ಸುಗಳು ಓಡುತ್ತವೆ; ನಮ್ಮ ತಾಲ್ಲೂಕುಗಳವರಿಗೆ ಇದು ಹೆಚ್ಚು ಬಳಕೆಯ ದಾರಿ. ಬೆಳಗಾದ ಮೇಲೆ ಕಬ್ಬನ್ ಉದ್ಯಾನವನ್ನು ದಾಟಿ ಕಸ್ತೂರಬಾ ರಸ್ತೆಯ ಕೆಳಗಡೆಗೆ ಬಂದರೆ ಶ್ರೀ ಕಂಠೀರವ ಕ್ರೀಡಾಂಗಣ ಸಿಕ್ಕುತ್ತದೆ. ಅದು ನಿಂತಿರುವ ನೆಲದ ಚರಿತ್ರೆಯು ನಮ್ಮಂಥ ಕೆರೆಸೀಮೆಯವರ ಮನಸ್ಸನ್ನು ಹಿಡಿಯತಕ್ಕುದು. ಇದು ಹಿಂದೆ ಸಂಪಂಗಿ ಕೆರೆ. ಪೇಟೆಗೂ ದಂಡಿಗೂ ನೀರೊದಗಿಸುತ್ತಿದ್ದ ಆ ಕೆರೆಯು, ಹೆಸರಘಟ್ಟದಿಂದ ಕೊಳವೆಯ ನೀರು ಬಂದ ತರುವಾಯ ಉಪೇಕ್ಷೆಗೊಳಗಾಗಿ, ಕ್ರಮೇಣ ಬತ್ತಿ, ಅಂಗಳವೆಲ್ಲ ಬಯಲಾಗಿ ಹೋಯಿತು. ಈಗ ಉಳಿದಿರುವುದು ಬೆಂಗಳೂರಿನ ಕರಗದ ವಿಧಿಗೆ ಬೇಕಾಗುವ ಒಂದು ಸಣ್ಣ ಕೊಳ. ಬಯಲಿನ ಮೇಲೆ ಎದ್ದ ಈ ಕ್ರೀಡಾಂಗಣದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟವು ನಡೆಯಿತು. ಓಟದ ಹಾದಿಯು ಸುತ್ತಲೂ ಇರುವುದರಿಂದ ನೋಟಕರು ಆಟದಿಂದ ತುಸು ದೂರವಾಗಿ ಕುಳಿತುಕೊಳ್ಳಬೇಕಾಗುತ್ತದೆ. ಆ ದೂರವನ್ನು ಪಡುವಣ ಮಗ್ಗುಲಿನ ಅಭಿಮಾನಿಗಳು ತಮ್ಮ ಹಾಡುಗಳಿಂದ ತುಂಬುತ್ತಾರೆ. 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬುದು ಅವರ ಕೂಟದ ಹೆಸರು.

ಬೆಂಗಳೂರಿಗೆ ಈ ಆಟ ಹೊಸದಲ್ಲ. ದಂಡಿನ ಸಿಪಾಯಿಗಳಿಂದ ಕಲಿತ ಹುಡುಗರು ಆಸ್ಟಿನ್ ಟೌನ್, ಗೌತಮಪುರಗಳ ಗಲ್ಲಿಗಳಲ್ಲಿ ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. 1948ರ ಲಂಡನ್ ಒಲಿಂಪಿಕ್ ಕೂಟದಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ ಭಾರತದ ತಂಡದೊಳಗೆ ಬೆಂಗಳೂರಿನ ಸಾರಂಗಪಾಣಿ ರಾಮನ್ ಮತ್ತು ಅಹಮದ್ ಖಾನ್ ಇದ್ದರು. ಫ್ರಾನ್ಸಿನ ಎದುರು ಭಾರತವು ಗಳಿಸಿದ ಒಂದೇ ಗೋಲು ರಾಮನ್ನರದು. ಮೈಸೂರಿನವರು 1946–47ರಲ್ಲಿಯೂ 1952–53ರಲ್ಲಿಯೂ, ಬಳಿಕ 1968–69ರವರೆಗೆ ಮತ್ತೆಯೂ ಸಂತೋಷ್ ಟ್ರೋಫಿಯನ್ನು ಗೆದ್ದರು. ಆಮೇಲೆ 54 ವರ್ಷ ಕಾಯ್ದು, 2023ರ ಮಾರ್ಚ್ 4ರಂದು ಅರಬ್ಬೀ ನಾಡಿನ ರಿಯಾದ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕವು ಅದನ್ನು ಮನೆಗೆ ತಂದಿತು.

ಆಟವನ್ನು ಅರಿಯದ ಗೃಹಿಣಿಯರಿಗಾಗಿ ಎರಡು ಮಾತು. ಒಂದೊಂದು ಕಡೆಗೆ ಹನ್ನೊಂದು ಮಂದಿ. ಅವರಲ್ಲಿ ಒಬ್ಬನು ಗೋಲಿನ ಕಾವಲುಗಾರ, ಅವನಿಗೆ ಮಾತ್ರ ಕೈ ಬಳಸುವ ಹಕ್ಕು. ನಲವತ್ತೈದು ನಿಮಿಷಗಳ ಎರಡು ಪಾಳಿ. ಮುಂದಿನವರು ಚೆಂಡನ್ನು ಎದುರಾಳಿಯ ಬಲೆಗೆ ಸೇರಿಸಬೇಕು. ಹಿಂದಿನ ಮೂವರೋ ನಾಲ್ವರೋ ತಮ್ಮ ಬಲೆಗೆ ಸೇರದಂತೆ ನೋಡಿಕೊಳ್ಳಬೇಕು. ಡಿಫೆಂಡರ್ ಎಂದು ಕರೆಯುವ ಈ ಹಿಂಗಾವಲಿನವರ ಕೆಲಸ ಬರಿಯ ಅಡ್ಡಗಾಲಲ್ಲ. ಚೆಂಡು ಒದೆಯಲ್ಪಡುವ ಕ್ಷಣದಲ್ಲಿ, ಎದುರಾಳಿಯು ಗೋಲುಗೆರೆಗೆ ಇವರ ಕಡೆಯಿಂದೆರಡನೆಯವನಿಗಿಂತಲೂ, ಚೆಂಡಿಗಿಂತಲೂ ಹತ್ತಿರ ನಿಂತಿದ್ದು ಆಟದಲ್ಲಿ ಕೈಹಾಕಿದರೆ ಅದು ಆಫ್‌ಸೈಡ್ ಎಂಬ ತಪ್ಪು. ಆದುದರಿಂದ ಹಿಂಗಾವಲಿನವರೆಲ್ಲ ಒಂದೇ ಹಗ್ಗಕ್ಕೆ ಕಟ್ಟಿದಂತೆ ಒಟ್ಟಿಗೆ ಮುಂದೆ ಸರಿಯಬೇಕು, ಒಟ್ಟಿಗೆ ಹಿಂದೆ ಸರಿಯಬೇಕು. ಒಬ್ಬನು ಎರಡು ಹೆಜ್ಜೆ ಹಿಂದುಳಿದರೆ ಉಳಿದವರ ಶ್ರಮವೆಲ್ಲ ವ್ಯರ್ಥ. ನಮ್ಮ ಹಳ್ಳಿಯ ಕಬಡ್ಡಿಯಲ್ಲಿ ಕೈಕೈ ಹಿಡಿದು ದಾಳಿಗಾರನನ್ನು ಸುತ್ತುವರಿಯುವವರನ್ನು ನೋಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ.

ಸ್ಪೇಯಿನ್ ದೇಶವು ಇಂಥ ಕಾವಲಿನವರಿಗೆ ಹೆಸರಾದುದು. ಅವರಲ್ಲಿ ಬಾರ್ಸೆಲೋನಾ ಕ್ಲಬ್ಬಿನ ಕಾರ್ಲೆಸ್ ಪುಯೋಲ್ ಜಗತ್ಪ್ರಸಿದ್ಧನು. 1999ರಿಂದ 2014ರವರೆಗೆ ಒಂದೇ ಕ್ಲಬ್ಬಿನ ಹಿರಿಯರ ತಂಡದಲ್ಲಿ ಆಡಿದ ಆತನು, 2010ರ ಜುಲೈ 7ರಂದು ವಿಶ್ವಕಪ್ಪಿನ ಸೆಮಿಫೈನಲಿನಲ್ಲಿ ಹಿಂದಿನಿಂದ ಓಡಿಬಂದು ತಲೆಯಿಂದ ಹೊಡೆದ ಒಂದೇ ಗೋಲು ಜರ್ಮನಿಯನ್ನು ಸೋಲಿಸಿತು. ಮುಂದಿನ ಪಂದ್ಯದಲ್ಲಿ ಸ್ಪೇಯಿನ್ ವಿಶ್ವವಿಜಯಿಯಾಯಿತು. ಮರುವರ್ಷ ಯುರೋಪಿನ ಚಾಂಪಿಯನ್ಸ್ ಲೀಗ್ ಕಪ್ಪನ್ನು ಗೆದ್ದಾಗ, ನಾಯಕನಾದ ತಾನು ಎತ್ತಬೇಕಾಗಿದ್ದ ಆ ಕಪ್ಪನ್ನು ಎತ್ತುವ ಗೌರವವನ್ನು, ಯಕೃತ್ತಿನ ಶಸ್ತ್ರಚಿಕಿತ್ಸೆಯಿಂದ ಆಗತಾನೆ ಚೇತರಿಸಿಕೊಂಡಿದ್ದ ಜೊತೆಗಾರ ಅಬಿದಾಲನಿಗೆ ಬಿಟ್ಟುಕೊಟ್ಟನು. ಹಿಂದೆ ನಿಂತು ಕಾಯುವ ಕೆಲಸವು ಮನುಷ್ಯನಿಗೆ ಏನನ್ನು ಕಲಿಸಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಬೆಂಗಳೂರಿಗೆ ಬಂದವನು ಅಷ್ಟು ಪ್ರಸಿದ್ಧನಲ್ಲ. ಹುವಾನ್ ಅಂತೋನಿಯೋ ಗೊಂಜಾಲೆಜ್ ಫೆರ್ನಾಂದೆಜ್ ಎಂಬುದು ಪೂರ್ಣನಾಮ. ಆಟದ ಬಯಲಿನಲ್ಲಿ ಹ್ವಾನಾನ್. ನಮ್ಮ ಪತ್ರಿಕೆಗಳಲ್ಲಿ ಜುವಾನನ್. 1987ರ ಏಪ್ರಿಲ್ 27ರಂದು ಗ್ರಾನ್ ಕನೇರಿಯಾ ದ್ವೀಪದ ಲಾಸ್ ಪಾಲ್ಮಾಸ್ ಊರಿನಲ್ಲಿ ಹುಟ್ಟಿದನು. ಆ ದ್ವೀಪವು ಸ್ಪೇಯಿನಿಗೆ ಸೇರಿದ್ದರೂ ಇರುವುದು ಅಟ್ಲಾಂಟಿಕ್ ಸಾಗರದಲ್ಲಿ, ಆಫ್ರಿಕದ ದಡಕ್ಕೆ ಸಮೀಪವಾಗಿ. ಬೆಂಕಿಯ ಬೆಟ್ಟಗಳಿಂದ ಎದ್ದ ನೆಲ. ಅಲ್ಲಿಂದ ಹೊರಟ ಹುಡುಗನು ಮ್ಯಾಡ್ರಿಡ್ ನಗರದ ಹೆಸರಾಂತ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಕಿರಿಯ ತಂಡಗಳಲ್ಲಿ ಪಳಗಿದನು. ಹಿರಿಯರ ತಂಡದಲ್ಲಿ ನೆಲೆ ದೊರೆಯುವುದು ಸಾವಿರಕ್ಕೊಬ್ಬನಿಗೆ. ಆತನು ಜರ್ಮನಿಗೆ ಹೋಗಿ ಡುಸೆಲ್‌ಡಾರ್ಫಿನ ಫಾರ್ಚುನಾ ಕ್ಲಬ್ಬಿನಲ್ಲಿ ಆಡಿದನು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, 2016ರಲ್ಲಿ, ಬೆಂಗಳೂರಿಗೆ ಬಂದನು. ಆ ವರ್ಷ ತಂಡದ ಶಿಕ್ಷಕನಾಗಿ ಬಂದ ಆಲ್ಬರ್ಟ್ ರೋಕಾ ಎಂಬಾತನೂ ಸ್ಪೇಯಿನಿನವನೇ. ಪುಯೋಲನು ನಾಯಕನಾಗಿದ್ದ ಕಾಲದಲ್ಲಿ ಬಾರ್ಸೆಲೋನಾದ ಸಹಾಯಕ ಶಿಕ್ಷಕನಾಗಿದ್ದವನು.

ಬಂದ ಕೆಲವೇ ವಾರಗಳಲ್ಲಿ ಪರೀಕ್ಷೆ ಎದುರಾಯಿತು. ಏಷ್ಯಾಖಂಡದ ಎ.ಎಫ್.ಸಿ. ಕಪ್ಪಿನ ಪಂದ್ಯಾವಳಿಯಲ್ಲಿ ಬೆಂಗಳೂರು ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿ, ಅಲ್ಲಿಗೆ ಹೋಗಿ ಆಡಿದ ಪಂದ್ಯದಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಸೆಮಿಫೈನಲಿಗೆ ಬಂದಿತು. ಎದುರಾಳಿ ಮಲೇಷಿಯದ ಜೊಹೊರ್ ತಂಡ; ಹಿಂದಿನ ವರ್ಷದ ವಿಜೇತರು. ಅವರ ನೆಲದಲ್ಲಿ 1–1. ಅಕ್ಟೋಬರ್ 19ರ ಸಂಜೆ ಕಂಠೀರವದಲ್ಲಿ ಎರಡನೆಯ ಪಂದ್ಯ. ಹನ್ನೊಂದನೆಯ ನಿಮಿಷಕ್ಕೇ ಜೊಹೊರ್ ಗೋಲು ಹೊಡೆದು ಮುಂದಾಯಿತು. ನಾಯಕ ಸುನಿಲ್ ಛೆತ್ರಿಯು ನಲವತ್ತೊಂದನೆಯ ನಿಮಿಷದಲ್ಲಿ ಸಮ ಮಾಡಿ, ಅರುವತ್ತೇಳನೆಯ ನಿಮಿಷದಲ್ಲಿ ಮುಂದೆ ಹಾಕಿದನು. ಎಪ್ಪತ್ತೈದನೆಯ ನಿಮಿಷದಲ್ಲಿ ಹಿಂಗಾವಲಿನಿಂದ ಮುಂದೆ ಬಂದಿದ್ದ ಜುವಾನನ್ ಮೂರನೆಯ ಗೋಲನ್ನು ಸೇರಿಸಿದನು. ಏಷ್ಯಾದ ಈ ಕಪ್ಪಿನ ಫೈನಲಿಗೆ ಭಾರತದ ಕ್ಲಬ್ಬೊಂದು ಮುಟ್ಟಿದುದು ಅದೇ ಮೊದಲು. ಸಂಪಂಗಿ ಕೆರೆಯ ಅಂಗಳದಲ್ಲಿ ಅಂದು ಎದ್ದ ಕೂಗು ಆ ನೆಲದ ಜನ ಬಹುದಿನ ಮಾತಾಡಿಕೊಂಡ ಕೂಗು.

ನವೆಂಬರ್ 5ರಂದು ದೋಹಾ ನಗರದಲ್ಲಿ ಫೈನಲ್. ಇರಾಕಿನ ವಾಯುಪಡೆಯ ತಂಡವಾದ ಅಲ್ ಕುವಾ ಅಲ್ ಜವಿಯಾ ಎಪ್ಪತ್ತನೆಯ ನಿಮಿಷದಲ್ಲಿ ಹಮ್ಮಾದಿ ಅಹಮದನ ಒಂದು ಗೋಲಿನಿಂದ ಗೆದ್ದಿತು. ಒಂದೂವರೆ ಗಂಟೆಯ ಕಾವಲಿನಲ್ಲಿ ಒಂದೇ ಕ್ಷಣದ ಬಿರುಕು. ಮುಂದಿನವನು ಹತ್ತು ಸಲ ಗುರಿ ತಪ್ಪಿ ಒಮ್ಮೆ ಹೊಡೆದರೆ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಹಿಂಗಾವಲಿನವನು ಹತ್ತು ಸಲ ತಡೆದು ಒಮ್ಮೆ ತಪ್ಪಿದರೆ ಆ ಒಂದನ್ನೇ ಬರೆದಿಡುತ್ತಾರೆ. ಈ ಲೆಕ್ಕದ ಅನ್ಯಾಯವನ್ನು ಅಡುಗೆಮನೆಯಲ್ಲಿ ದುಡಿಯುವ ತಾಯಂದಿರಿಗೆ ನಾವು ವಿವರಿಸಬೇಕಾಗಿಲ್ಲ.

ಆದರೂ ಆತನು ಬಿಟ್ಟುಹೋಗಲಿಲ್ಲ. 2017ರ ಮೇ 21ರಂದು ಕಟಕದಲ್ಲಿ ಬೆಂಗಳೂರು ತಂಡವು ಮೋಹನ ಬಾಗಾನನ್ನು ಹೆಚ್ಚುವರಿ ವೇಳೆಯಲ್ಲಿ 2–0ರಿಂದ ಗೆದ್ದು ಫೆಡರೇಶನ್ ಕಪ್ಪನ್ನು ಪಡೆಯಿತು. ಆ ವರ್ಷವೇ ತಂಡವು ಇಂಡಿಯನ್ ಸೂಪರ್ ಲೀಗಿಗೆ ಸೇರಿ, ಮೊದಲ ಋತುವಿನಲ್ಲಿಯೇ ಪಟ್ಟಿಯ ತುದಿಯಲ್ಲಿ ನಿಂತಿತು. 2018ರ ಮಾರ್ಚ್ 17ರಂದು ಫೈನಲು. ಅದೂ ತಮ್ಮ ಕಂಠೀರವದಲ್ಲಿಯೇ. ಒಂಬತ್ತನೆಯ ನಿಮಿಷಕ್ಕೆ ಛೆತ್ರಿಯ ಗೋಲು, ಊರೆಲ್ಲ ಹಬ್ಬ. ಆಮೇಲೆ ಚೆನ್ನೈಯವರ ಎರಡು ಕಾರ್ನರ್ ಹೊಡೆತಗಳು. ಎರಡಕ್ಕೂ ತಲೆಗೊಟ್ಟು ಗೋಲು ಮಾಡಿದವನು ಮೈಲ್ಸನ್ ಆಲ್ವೆಸ್ ಎಂಬ ಬ್ರೆಜಿಲಿನವನು. ಅವನೂ ಹಿಂಗಾವಲಿನ ಆಟಗಾರನೇ! ಕೊನೆಗೆ 2–3ರ ಸೋಲು. ಕಾವಲುಗಾರನ ಮನೆಗೆ ಇನ್ನೊಬ್ಬ ಕಾವಲುಗಾರನೇ ಕನ್ನ ಹಾಕಿದಂತಾಯಿತು.

ಸೋತ ಮನೆಯಲ್ಲಿ ಹಿಂಗಾವಲಿನವನನ್ನು ದೂರುವುದು ಲೋಕರೂಢಿ. ಕ್ಲಬ್ಬು ಹಾಗೆ ಮಾಡಲಿಲ್ಲ; ಆತನನ್ನು ಉಳಿಸಿಕೊಂಡಿತು. ಮುಂದಿನ ತಿಂಗಳು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲನ್ನು 4–1ರಿಂದ ಸೋಲಿಸಿ ಸೂಪರ್ ಕಪ್ಪನ್ನು ಗೆದ್ದರು. ರೋಕಾನು ಹೋಗಿ ಅವನ ಸಹಾಯಕನಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಶಿಕ್ಷಕನಾದನು. ಸರಿಯಾಗಿ ಒಂದು ವರ್ಷ ತುಂಬಿದ ದಿನ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಮತ್ತೆ ಫೈನಲು. ಎದುರಿಗೆ ಗೋವಾ, ಅವರ ಮುಂಚೂಣಿಯಲ್ಲಿ ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು, 16 ಗೋಲುಗಳನ್ನು ಹೊಡೆದಿದ್ದ ಫೆರ್ರಾನ್ ಕೊರೊಮಿನಾಸ್. ಹೊಡೆಯುವವನೂ ಸ್ಪೇಯಿನಿನವನು, ತಡೆಯುವವನೂ ಸ್ಪೇಯಿನಿನವನು. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಅರ್ಧಗಂಟೆಯೂ ಮುಗಿಯುತ್ತ ಬಂದಿತು. ನೂರಹದಿನೇಳನೆಯ ನಿಮಿಷದಲ್ಲಿ ದಿಮಾಸ್ ದೆಲ್ಗಾದೋ ಹೊಡೆದ ಕಾರ್ನರಿಗೆ ರಾಹುಲ್ ಭೇಕೆ ಎಂಬ ಹಿಂಗಾವಲಿನವನು ತಲೆಗೊಟ್ಟನು, 1–0. ಹಿಂದಿನ ವರ್ಷ ಯಾವ ಬಗೆಯ ಹೊಡೆತದಿಂದ ಕಪ್ಪು ಕೈತಪ್ಪಿತ್ತೋ ಅದೇ ಬಗೆಯ ಹೊಡೆತದಿಂದ ಕಪ್ಪು ಕೈಸೇರಿತು. ಪತ್ರಿಕೆಗಳ ಶಿರೋಲೇಖದಲ್ಲಿ ಭೇಕೆಯ ಹೆಸರು ಬಂದಿತು, ಅದು ನ್ಯಾಯವೇ. ಆದರೆ ಎರಡು ಗಂಟೆಯ ಕಾಲ ಕೊರೊಮಿನಾಸನ ಕಾಲಿಗೆ ಗೋಲು ದಕ್ಕದಂತೆ ನೋಡಿಕೊಂಡ ಸಾಲಿಗೆ ಶಿರೋಲೇಖವಿಲ್ಲ. ಸೊನ್ನೆ ಎಂಬ ಒಂದು ಅಂಕೆಯೇ ಅವರ ಬಿರುದು.

ಮರುವರ್ಷ ಈ ಸೊನ್ನೆಗೆ ಇನ್ನಷ್ಟು ಬೆಲೆ ಬಂದಿತು. 2019–20ರ ಋತುವಿನಲ್ಲಿ ಬೆಂಗಳೂರಿನ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು 11 ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಚಿನ್ನದ ಕೈಗವಸಿನ ಬಹುಮಾನವನ್ನು ಪಡೆದನು. ಆಮೇಲೆ ಮಹಾಮಾರಿಯ ಕಾಲ. 2020–21ರ ಪಂದ್ಯಗಳೆಲ್ಲ ಗೋವೆಯ ಬರಿದಾದ ಕ್ರೀಡಾಂಗಣಗಳಲ್ಲಿ ನಡೆದುವು. ಹಾಡುವವರಿಲ್ಲದ ಆ ಋತುವಿನಲ್ಲಿ ಬೆಂಗಳೂರು ಏಳನೆಯ ಸ್ಥಾನಕ್ಕೆ ಇಳಿಯಿತು. ಅದರೊಂದಿಗೆ ಜುವಾನನ್ನನ ಬೆಂಗಳೂರಿನ ಊಳಿಗವೂ ಮುಗಿಯಿತು. ವಯಸ್ಸು ಮೂವತ್ತನಾಲ್ಕು, ಆಟವನ್ನು ಬಿಡಬಹುದಾಗಿತ್ತು. ಆತನು ಹೈದರಾಬಾದಿನ ತಂಡಕ್ಕೆ ಹೋದನು. 2022ರ ಮಾರ್ಚ್ 20ರಂದು ಫತೋರ್ಡಾದಲ್ಲಿ ಆ ತಂಡವು ಕೇರಳದವರೊಡನೆ 1–1ರಲ್ಲಿ ಸಮನಾಗಿ, ಪೆನಾಲ್ಟಿ ಹೊಡೆತಗಳಲ್ಲಿ 3–1ರಿಂದ ಗೆದ್ದು ಲೀಗಿನ ಕಪ್ಪನ್ನೆತ್ತಿತು. ಎರಡು ಊರುಗಳ ಪರವಾಗಿ ಅದೇ ಕಪ್ಪು.

ಇಲ್ಲಿ ವಾಚಕರಲ್ಲಿ ಕೆಲವರು ಕೇಳಬಹುದು: ಸಂಬಳಕ್ಕೆ ಬಂದು ಸಂಬಳಕ್ಕೆ ಹೋದವನನ್ನು ಇಷ್ಟು ಹೊಗಳುವುದೇಕೆ? ಬೆಂಗಳೂರು ಆತನ ಊರಲ್ಲ, ಕನ್ನಡ ಆತನ ನುಡಿಯಲ್ಲ, ಒಪ್ಪಂದ ಮುಗಿದೊಡನೆ ಬೇರೊಂದು ಅಂಗಿ ತೊಟ್ಟನು, ಇದರಲ್ಲಿ ನಿಷ್ಠೆಯೆಲ್ಲಿ? ಪ್ರಶ್ನೆಯು ಸಾಧುವಾದುದೇ. ಮನೆಯ ಮಗನು ಬಾಗಿಲು ಕಾಯುವುದಕ್ಕೂ ಕೂಲಿಯವನು ಕಾಯುವುದಕ್ಕೂ ಅಂತರವಿದೆಯೆಂದು ಲೋಕವು ಎಣಿಸುತ್ತದೆ. ಗುಡೇಕೋಟೆಯ ಮಗಳೆಂದು ಕೂಡ್ಲಿಗಿಯ ಸೀಮೆಯವರು ಹೆಮ್ಮೆಪಡುವ ಒನಕೆ ಓಬವ್ವನಾದರೋ ಚಿತ್ರದುರ್ಗದ ಕೋಟೆಯ ಕಾವಲುಗಾರನ ಹೆಂಡತಿ. ಗಂಡನು ಊಟಕ್ಕೆ ಕುಳಿತಿದ್ದಾಗ ಕಿಂಡಿಯ ಕಾವಲು ಆಕೆಯ ಪಾಲಿಗೆ ಬಂದಿತು. ಆಕೆಯ ಕೈಯಲ್ಲಿ ಒನಕೆಯನ್ನು ಹಿಡಿಸಿದುದು ಸಂಬಳವಲ್ಲ. ಆದರೆ ಆಕೆಯ ಗಂಡನು ಪ್ರತಿದಿನವೂ ಅಲ್ಲಿ ನಿಲ್ಲುತ್ತಿದ್ದುದು ಸಂಬಳಕ್ಕೇ. ಪ್ರತಿದಿನದ ಕಾವಲು ಸಂಬಳದಿಂದಲೇ ನಡೆಯತಕ್ಕುದು. ಅದರಲ್ಲಿ ಮನಸ್ಸನ್ನಿಡುವುದೋ ಬಿಡುವುದೋ ಮಾತ್ರ ಕಾಯುವವನ ಕೈಯಲ್ಲಿದೆ.

ಈ ಐದು ತಾಲ್ಲೂಕುಗಳವರು ಅದನ್ನು ಉಳಿದವರಿಗಿಂತ ಚೆನ್ನಾಗಿ ಬಲ್ಲರು. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿಗಳ ಎಷ್ಟೋ ಹಳ್ಳಿಗಳಲ್ಲಿ ಮನೆಗೆ ಬೀಗ ಬೀಳುತ್ತದೆ. ಮುದುಕರನ್ನು ಬಿಟ್ಟು ಉಳಿದವರು ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋಗುತ್ತಾರೆ. ಅವರ ರಾತ್ರಿಯ ಬಸ್ಸು ಮುಟ್ಟುವುದೂ ಅದೇ ಬೆಂಗಳೂರಿಗೆ. ಅಲ್ಲಿ ಅವರು ಪರರ ಗೋಡೆಯನ್ನೆತ್ತುತ್ತಾರೆ, ಪರರ ಬಾಗಿಲನ್ನು ಕಾಯುತ್ತಾರೆ, ಕಟ್ಟಡ ಮುಗಿದ ಮೇಲೆ ಇನ್ನೊಂದು ಬಡಾವಣೆಗೆ ಹೋಗುತ್ತಾರೆ. ಗೋಡೆ ನೆಟ್ಟಗೆ ನಿಂತಿರುವಷ್ಟು ಕಾಲ ಅದನ್ನು ಕಟ್ಟಿದವರು ಎಲ್ಲಿಯವರೆಂದು ಯಾರೂ ಕೇಳುವುದಿಲ್ಲ. ಜುವಾನನ್ನನಿಗೂ ಇವರಿಗೂ ಸಂಬಳದಲ್ಲಿರುವ ಅಂತರ ಬೆಟ್ಟದಷ್ಟು. ಅದನ್ನು ಮರೆಮಾಚುವುದು ಸರಿಯಲ್ಲ. ದೂರದ ದ್ವೀಪದಿಂದ ದುಡಿಮೆಯನ್ನರಸಿ ಬಂದವನನ್ನು ಕಂಠೀರವದ ಜನ ಹೆಸರು ಹಿಡಿದು ಹಾಡಿದರು. ಗುಳೆ ಬಂದವರಿಗೆ ಅಂಥ ಹಾಡು ಎಲ್ಲಿಯೂ ಇಲ್ಲ. ಹೀಗಿದ್ದರೂ ಇಬ್ಬರ ಕೆಲಸದ ಗುಣ ಒಂದೇ: ಪರರ ಮನೆಯನ್ನು ತನ್ನದೆಂದು ತಿಳಿದು, ಬೀಳದಂತೆ ನೋಡಿಕೊಳ್ಳುವುದು. ಅದಕ್ಕೆ ನಿಷ್ಠೆಯೆಂಬ ಹೆಸರು ಸಲ್ಲದಿದ್ದರೆ ಮತ್ತಾವುದಕ್ಕೆ ಸಲ್ಲಬೇಕು?

ಗುಳೆ ಹೋಗುವವರ ಮಕ್ಕಳಲ್ಲಿ ಓಡುವ ಕಾಲು, ತಾಳುವ ಎದೆ ಉಳ್ಳವರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಬೇಕಾದುದು ಸಮನಾದ ಒಂದು ಬಯಲು, ಒಂದು ಚೆಂಡು, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಜೊತೆಗಿರುವ ಒಬ್ಬ ಮೇಷ್ಟರು. ಕೊಟ್ಟೂರಿನಿಂದ ಒಂದು ಹಗಲಿನ ಪ್ರಯಾಣದೊಳಗೇ ತೋರಣಗಲ್ಲಿನಲ್ಲಿ ದೇಶಕ್ಕೇ ಹೆಸರಾದ ಕ್ರೀಡಾಶಾಲೆಯಿರುವಾಗ, ನಮ್ಮ ಊರುಗಳ ಪಂಚಾಯತಿಯವರೂ ಹಿರಿಯರೂ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು ತೋರಿಸುವುದು ದೊಡ್ಡ ಖರ್ಚಿನ ಮಾತಲ್ಲ. ಹಾಗೆ ಕರೆದೊಯ್ಯುವವರು ಒಂದು ಮಾತನ್ನು ಮರೆಯಬಾರದು. ಮಕ್ಕಳೆಲ್ಲರೂ ಗೋಲು ಹೊಡೆಯುವವನಾಗಬೇಕೆಂದೇ ಬಯಸುತ್ತಾರೆ. ಅವರನ್ನು ಬಯಲಿನಂಚಿನಲ್ಲಿ ಕುಳ್ಳಿರಿಸಿ, ಕಾಲು ಗಂಟೆಯ ಕಾಲ ಚೆಂಡನ್ನು ಬಿಟ್ಟು ಹಿಂದಿನ ಸಾಲಿನ ಒಬ್ಬನನ್ನೇ ನೋಡುವಂತೆ ಹೇಳಬೇಕು: ಅವನು ಎಲ್ಲಿ ನಿಲ್ಲುತ್ತಾನೆ, ಯಾವಾಗ ಕೈಯೆತ್ತಿ ಜೊತೆಯವರನ್ನು ಕರೆಯುತ್ತಾನೆ, ಅಪಾಯ ಬರುವುದಕ್ಕೆ ಎಷ್ಟು ಮುಂಚೆ ಹೆಜ್ಜೆ ಇಡುತ್ತಾನೆ.

ಅಷ್ಟು ಹೊತ್ತು ತಾಳ್ಮೆಯಿಂದ ನೋಡಿದ ಹುಡುಗನು ಮುಂದಿನ ಮಾಘದಲ್ಲಿ ಕೊಟ್ಟೂರಿನ ಜಾತ್ರೆಗೆ ಹೋದಾಗ, ಕಳಸಕ್ಕೆ ಕೈಮುಗಿದು ಮಿಣಿಯನ್ನು ಮುಟ್ಟಿದ ಮೇಲೆ, ಗಾಲಿಯ ಮಗ್ಗುಲಲ್ಲಿ ಸನ್ನೆ ಹಿಡಿದು ಬಾಗಿ ನಡೆಯುವವರ ಕಡೆಗೂ ತಾನಾಗಿಯೇ ಕಣ್ಣು ಹೊರಳಿಸಿಯಾನು.